ಕೂಸಿನ ಹಾಲು, ಕೂಸಿನ ಮೈಕಟ್ಟು
(ರೈತ ಮಹಿಳೆಯರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಭತ್ತಕ್ಕೆ ಯೂರಿಯಾ ಹೆಚ್ಚಾದರೆ ಗದ್ದೆ ಕಡುಹಸಿರಾಗಿ ಕಾಣುತ್ತದೆ. ತೆನೆ ತುಂಬುವ ವೇಳೆಗೆ ಪೈರು ಮಲಗುತ್ತದೆ. ಬೇಗ ಬೆಳೆದದ್ದೆಲ್ಲ ಗಟ್ಟಿಯಲ್ಲ. ಕೂಸಿನ ವಿಷಯದಲ್ಲೂ ಈ ಮಾತನ್ನು ನೆನಪಿಡಬೇಕು.

ಕರುವಿನ ಹುಟ್ಟುತೂಕ ಇಮ್ಮಡಿಯಾಗಲು ಸುಮಾರು 2 ತಿಂಗಳು ಸಾಕು. ಕೂಸಿಗೆ ಸುಮಾರು 5 ತಿಂಗಳು ಬೇಕು. ಇದಕ್ಕೆ ತಕ್ಕಂತೆ 100 ಮಿಲಿಲೀಟರ್ ಹಸುವಿನ ಹಾಲಿನಲ್ಲಿ 3 ಗ್ರಾಂಗೂ ಮಿಕ್ಕಿ ಸಸಾರಜನಕವಿದ್ದರೆ, ತಾಯಿಯ ಹಾಲಿನಲ್ಲಿ ಸುಮಾರು 1 ಗ್ರಾಂ ಇರುತ್ತದೆ. ಇದು ಕೊರತೆಯಲ್ಲ, ಕೂಸಿಗೆ ಒಪ್ಪುವ ಅಳತೆ.

ಎದೆಹಾಲು ಕುಡಿಯುವ ಕೂಸು ಮೊದಲ ತಿಂಗಳುಗಳಲ್ಲಿ ಮೈಯಲ್ಲಿ ಕೊಬ್ಬನ್ನು ಕೂಡಿಸಿಕೊಳ್ಳುತ್ತದೆ. ಕಣಜದ ಕಾಳಿನಂತೆ ಅದು ಜ್ವರ, ಭೇದಿಯ ದಿನಗಳಿಗೆ ಆಸರೆ. 2012ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಡಬ್ಬಿಹಾಲಿನ ಕೂಸುಗಳಲ್ಲಿ 3-4 ತಿಂಗಳಲ್ಲಿ ಕೊಬ್ಬು ಕಡಿಮೆ, ವರ್ಷ ತುಂಬುವಾಗ ಹೆಚ್ಚು ಎಂದು ಕಂಡುಬಂದಿತು. ಯೂರೋಪಿನ 5 ದೇಶಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹೆಚ್ಚು ಸಸಾರಜನಕದ ಡಬ್ಬಿಹಾಲು ಕುಡಿದ ಮಕ್ಕಳು 2 ವರ್ಷಕ್ಕೆ ತೂಕದಲ್ಲಿ ಮುಂದಿದ್ದರು, ಎತ್ತರದಲ್ಲಿ ಅಲ್ಲ.

ನಮ್ಮ ಹಳ್ಳಿಗಳಿಗೆ ಹತ್ತಿರದ ಸಂಗತಿ ಇನ್ನೊಂದಿದೆ. ಪುಣೆ ಸಮೀಪದ ಹಳ್ಳಿಗಳ ಕೂಸುಗಳನ್ನು ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಸಂಗಡಿಗರು ಇಂಗ್ಲೆಂಡಿನ ಕೂಸುಗಳೊಡನೆ ಹೋಲಿಸಿ 2003ರಲ್ಲಿ ವರದಿ ಮಾಡಿದರು. ಸರಾಸರಿ ಹುಟ್ಟುತೂಕ ಅಲ್ಲಿ 3.5, ಇಲ್ಲಿ 2.7 ಕಿಲೋಗ್ರಾಂ. ಆದರೂ ಬೆನ್ನಿನ ಚರ್ಮದಡಿಯ ಕೊಬ್ಬು ಅಷ್ಟಾಗಿ ತಗ್ಗಿರಲಿಲ್ಲ, ಮಾಂಸಖಂಡವೇ ಸೊರಗಿತ್ತು. ಆದ್ದರಿಂದ ಆರೈಕೆ ಬಸುರಿಯ ಊಟದಿಂದಲೇ ಮೊದಲಾಗಬೇಕು.

ಕಳೆ ಕೀಳುವ ಕಾಲ ಬಂದರೆ ಬಾಣಂತಿ ಹೊಲಕ್ಕೆ ಹೊರಡುತ್ತಾಳೆ. "ಕೂಸು ಬಡವಾಗಿದೆ" ಎಂದು ಯಾರೋ ಅನ್ನುತ್ತಾರೆ. ನೀರು ಬೆರೆಸಿದ ಹಸುವಿನ ಹಾಲು ಬಾಟಲಿಗೆ ಬರುತ್ತದೆ. ಅದರ ಹಿಂದೆಯೇ ಭೇದಿ ಬರುತ್ತದೆ. ಇದನ್ನು ತಪ್ಪಿಸಲು ಹೀಗೆ ಮಾಡಬೇಕು:

1. ಹೆರಿಗೆಯಾದ ಒಂದು ಗಂಟೆಯೊಳಗೆ ಮೊದಲ ಹಾಲು ಕುಡಿಸಬೇಕು. ಅದನ್ನು ಹಿಂಡಿ ಚೆಲ್ಲಬಾರದು.
2. 6 ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ. ಜೇನು, ನೀರು ಬೇಡ.
3. ತಾಯಿ ಹೊಲಕ್ಕೆ ಹೋಗುವುದಾದರೆ ಹಾಲನ್ನು ಕುದಿಸಿ ಆರಿಸಿದ ಸ್ಟೀಲ್ ಲೋಟಕ್ಕೆ ಹಿಂಡಿ, ಮುಚ್ಚಿ ತಂಪಾದ ಕಡೆ ಇಡಬೇಕು. 4 ಗಂಟೆಯೊಳಗೆ ಶುಚಿಯಾದ ಒಳಲೆಯಲ್ಲಿ ಕುಡಿಸಬೇಕು.
4. ನೆರೆಮನೆಯ ಕೂಸಿನೊಡನೆ ಹೋಲಿಸದೆ, ಪ್ರತಿ ತಿಂಗಳು ಅಂಗನವಾಡಿಯಲ್ಲಿ ತೂಗಿಸಬೇಕು. ತೂಕ ಏರದಿದ್ದರೆ, ಹುಟ್ಟುತೂಕ ಕಡಿಮೆಯಿದ್ದರೆ ವೈದ್ಯರಿಗೆ ತೋರಿಸಬೇಕು.
5. 6 ತಿಂಗಳ ನಂತರ ರಾಗಿ ಸರಿ, ಮೆತ್ತಗೆ ಬೆಂದ ಬೇಳೆ, ಸೊಪ್ಪು ಕೊಡುತ್ತ, 2 ವರ್ಷದವರೆಗೂ ಎದೆಹಾಲು ಮುಂದುವರಿಸಬೇಕು.

ಮನೆಯವರು ಬಾಣಂತಿಯ ಪಾಲಿನ ಕೆಲಸವನ್ನು ಹಂಚಿಕೊಂಡರೆ ಇದೆಲ್ಲ ಸಾಧ್ಯ. ಹೊಲದ ಕಳೆ ಒಂದು ಗಳಿಗೆ ಕಾದೀತು, ಕೂಸಿನ ಹಸಿವು ಕಾಯದು.