ಮೀನಿನ ಮೈಯ ಕನ್ನಡಿ

ರಾಜಾಜಿನಗರ, ಬಸವೇಶ್ವರನಗರದ ಕಡೆ ಎಷ್ಟೋ ಮನೆಗಳ ಹಾಲ್‌ನಲ್ಲಿ ಟಿವಿ ಪಕ್ಕದಲ್ಲೊಂದು ಅಕ್ವೇರಿಯಂ ಇರುತ್ತದೆ. ಅಮ್ಮನ ಫೋನ್ ಇಸಿದುಕೊಂಡು ಅದರೊಳಗಿನ ಮೀನಿನ ಫೋಟೊ ತೆಗೆದಿದ್ದೀರಾ? ಮೊದಲ ಸಲ ಬಹಳ ಮಂದಿಗೆ ಸಿಗುವುದು ಒಂದು ದೊಡ್ಡ ಬಿಳಿ ಮಚ್ಚೆ, ಫೋನ್ ಹಿಡಿದ ತಮ್ಮದೇ ಮುಖ, ಹಿಂದೆಲ್ಲೋ ಮಸುಕಾದ ಒಂದು ಬಾಲ.

ಆ ಬಿಳಿ ಮಚ್ಚೆ ಫ್ಲ್ಯಾಶ್‌ನದು. ಗಾಜು ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ಒಳಗೆ ಬಿಡುವುದಿಲ್ಲ. ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 4 ಪಾಲು ಗಾಜಿನ ಹೊರಮೈಯಿಂದಲೇ ವಾಪಸ್ ಬರುತ್ತದೆ. ನಾಲ್ಕೇ ಪಾಲು ತಾನೆ ಅನ್ನಬೇಡಿ. ಫೋನಿನಲ್ಲಿ ಫ್ಲ್ಯಾಶ್ ಮತ್ತು ಕ್ಯಾಮೆರಾ ಅಕ್ಕಪಕ್ಕದಲ್ಲೇ ಇರುವುದರಿಂದ, ವಾಪಸ್ ಬಂದ ಬೆಳಕು ನೆಟ್ಟಗೆ ಲೆನ್ಸಿಗೇ ಬೀಳುತ್ತದೆ. ಹಾಗಾಗಿ ಮೊದಲು ಫ್ಲ್ಯಾಶ್ ಆಫ್ ಮಾಡಿ. ಕೋಣೆಯ ಟ್ಯೂಬ್‌ಲೈಟ್ ಆರಿಸಿ, ಕಿಟಕಿಯ ಪರದೆ ಎಳೆಯಿರಿ, ತೊಟ್ಟಿಯ ಮೇಲಿನ ದೀಪ ಮಾತ್ರ ಉರಿಯಲಿ. ಈಗ ಬೆಳಕು ನೀರಿನ ಕಡೆಯಿಂದ ನಿಮ್ಮತ್ತ ಬರುತ್ತಿದೆ. ನಿಮ್ಮ ಮುಖ ಕತ್ತಲಲ್ಲಿರುವುದರಿಂದ ಗಾಜಿನಲ್ಲಿ ಅದು ಕಾಣುವುದಿಲ್ಲ.

ಎಲ್ಲ ಕಡೆಯೂ ದೀಪ ಆರಿಸಲು ಆಗದಲ್ಲ. ಕೆಂಗೇರಿಯಲ್ಲೋ ವಿಜಯನಗರದಲ್ಲೋ ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ಕಬ್ಬನ್ ಪಾರ್ಕ್ ನಿಲ್ದಾಣ ಸಿಗುತ್ತದೆ. 1983ರಲ್ಲಿ ಶುರುವಾದ ಸರ್ಕಾರಿ ಮತ್ಸ್ಯಾಲಯ ಇರುವುದು ಅದೇ ಪಾರ್ಕಿನ ಪಕ್ಕದ ಕಸ್ತೂರ್ಬಾ ರಸ್ತೆಯಲ್ಲಿ. ಅಂಥ ಜಾಗದಲ್ಲಿ ಲೆನ್ಸನ್ನು ಗಾಜಿಗೆ ಮೆಲ್ಲಗೆ ತಾಗಿಸಿ ಹಿಡಿಯುವುದೇ ಒಳ್ಳೆಯ ಉಪಾಯ. ನಡುವೆ ಸಂದೇ ಇಲ್ಲದಿದ್ದರೆ ಹೊರಗಿನ ಬೆಳಕು ನುಗ್ಗುವುದು ಎಲ್ಲಿಂದ? ಫೋನನ್ನು ಓರೆಯಾಗಿ ಹಿಡಿಯಬಾರದು. ನೀರಿನಿಂದ ಗಾಜಿಗೆ, ಗಾಜಿನಿಂದ ಗಾಳಿಗೆ ದಾಟುವಾಗ ಓರೆಯಾದ ಬೆಳಕು ಬಾಗುತ್ತದೆ. ಒಂದೊಂದು ಬಣ್ಣ ಒಂದೊಂದಿಷ್ಟು ಬಾಗುವುದರಿಂದ ಮೀನಿನ ಅಂಚು ಕಲಸಿಹೋಗುತ್ತದೆ. ಗಾಜನ್ನು ತಟ್ಟಿ ಮೀನನ್ನು ಕರೆಯುವುದಂತೂ ಬೇಡವೇ ಬೇಡ. ಮೀನಿನ ಪಕ್ಕೆಯುದ್ದಕ್ಕೂ ನೀರಿನ ಅಲುಗಾಟವನ್ನು ಗ್ರಹಿಸುವ ಒಂದು ಸಾಲು ಇದೆ. ನಿಮ್ಮ ಪುಟ್ಟ ತಟ್ಟು ಅದಕ್ಕೆ ದೊಡ್ಡ ಗಾಬರಿ.

ಮೀನು ಓಡಾಡುತ್ತಲೇ ಇರುತ್ತದಲ್ಲ, ಅದಕ್ಕೊಂದು ಲೆಕ್ಕ ಹಾಕೋಣ. ಸೆಕೆಂಡಿಗೆ 10 ಸೆಂಟಿಮೀಟರ್ ಈಜುವ ಮೀನು, ಕ್ಯಾಮೆರಾ ಒಂದು ಸೆಕೆಂಡಿನ 20ನೇ ಒಂದು ಭಾಗದಷ್ಟು ಹೊತ್ತು ಕಣ್ಣು ತೆರೆದಿದ್ದರೆ, ಅಷ್ಟರಲ್ಲಿ 5 ಮಿಲಿಮೀಟರ್ ಸರಿದಿರುತ್ತದೆ. ಪುಟ್ಟ ಮೀನಿನ ಕಣ್ಣೇ ಅಷ್ಟು ದೊಡ್ಡದಿರುವುದಿಲ್ಲ! 200ನೇ ಒಂದು ಭಾಗಕ್ಕೆ ಇಳಿಸಿದರೆ ಸರಿಯುವುದು ಅರ್ಧ ಮಿಲಿಮೀಟರ್ ಮಾತ್ರ. ಆದರೆ ಆಗ ಕ್ಯಾಮೆರಾ ಒಳಗೆ ಹೋಗುವ ಬೆಳಕೂ ಹತ್ತರಲ್ಲೊಂದು ಪಾಲಾಗುತ್ತದೆ. ಅದಕ್ಕೇ ತೊಟ್ಟಿಯ ದೀಪ ಚೆನ್ನಾಗಿರಬೇಕು, ಮೀನು ತಿರುಗಲು ಒಂದು ಕ್ಷಣ ನಿಲ್ಲುವುದನ್ನು ಕಾಯುವ ತಾಳ್ಮೆಯೂ ಬೇಕು.

ಇಷ್ಟೆಲ್ಲ ಕಷ್ಟಪಟ್ಟು ಗಾಜಿನ ಕನ್ನಡಿಯನ್ನು ದೂರ ಮಾಡಿದೆವು. ಒಳಗೆ ಇನ್ನೊಂದು ಕನ್ನಡಿ ಕಾದಿದೆ, ಮೀನಿನ ಮೈ! ನನಗಂತೂ ಇದರಷ್ಟು ಇಷ್ಟವಾದ ಸಂಗತಿ ಬೇರೊಂದಿಲ್ಲ.

ನಿಯಾನ್ ಟೆಟ್ರಾ ಗೊತ್ತಲ್ಲ? ಸುಮಾರು 3 ಸೆಂಟಿಮೀಟರ್ ಉದ್ದ, ಮೂಲ ಊರು ಅಮೆಜಾನ್ ನದಿಯ ಸೀಮೆ. ಹೊಟ್ಟೆಯಿಂದ ಬಾಲದವರೆಗಿನ ಅದರ ಕೆಂಪು ನಿಜವಾದ ಬಣ್ಣದ ಕಣಗಳಿಂದ ಬಂದದ್ದು. ಪಕ್ಕೆಯ ಮೇಲೆ ಹೊಳೆಯುವ ನೀಲಿ ಪಟ್ಟೆಯಲ್ಲಿ ಮಾತ್ರ ನೀಲಿ ಬಣ್ಣದ ಕಣ ಒಂದೂ ಇಲ್ಲ. ಅಲ್ಲಿರುವುದು ಗ್ವಾನಿನ್ ಎಂಬ ವಸ್ತುವಿನ ತೀರಾ ತೆಳುವಾದ, ಬಣ್ಣವಿಲ್ಲದ ಹರಳುಗಳು. ಪುಸ್ತಕದ ಹಾಳೆಗಳ ಹಾಗೆ ಅವು ಒಂದರ ಮೇಲೊಂದು, ನಡುವೆ ಸಮನಾದ ಅಂತರ ಬಿಟ್ಟು ಜೋಡಿಸಿಕೊಂಡಿವೆ. ಪ್ರತಿ ಹರಳಿನಿಂದಲೂ ಒಂದಿಷ್ಟು ಬೆಳಕು ಹಿಂದಿರುಗುತ್ತದೆ. ಆ ಅಂತರಕ್ಕೆ ಹೊಂದುವ ಬಣ್ಣದ ಅಲೆಗಳು ಒಂದಕ್ಕೊಂದು ಸೇರಿ ಬಲವಾಗುತ್ತವೆ, ಉಳಿದವು ಸೊರಗುತ್ತವೆ. ನಮಗೆ ನೀಲಿ ಕಾಣುವುದು ಹೀಗೆ. ಬೆಳ್ಳಿಯಂತೆ ಹೊಳೆಯುವ ಮೀನುಗಳ ಪಕ್ಕೆಯಲ್ಲೂ ಇವೇ ಗ್ವಾನಿನ್ ಹರಳುಗಳಿವೆ.

ನಮ್ಮ ಬೆಂಗಳೂರಿನಲ್ಲಿ ಇಂಥ ಬಣ್ಣಗಳ ಹಿಂದೆ ಬಿದ್ದವರು ಸರ್ ಸಿ.ವಿ. ರಾಮನ್. 1933ರಲ್ಲಿ ಅವರು ಇಲ್ಲಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ ಬಂದರು. ಮರುವರ್ಷವೇ ಹೊಳೆಯುವ ಚಿಪ್ಪುಗಳ ಬಗ್ಗೆ, ಹಕ್ಕಿಗಳ ಗರಿಯ ಬಣ್ಣದ ಬಗ್ಗೆ ಬರೆದರು. ಅವರು ಪರೀಕ್ಷಿಸಿದ ಗರಿಗಳಲ್ಲಿ ನಮ್ಮ ರಾಜ್ಯದ ಹಕ್ಕಿ ನೀಲಕಂಠದ್ದೂ ಸೇರಿತ್ತು. ಆ ಗರಿಯ ನೀಲಿಯೂ ಹುಟ್ಟುವುದು ಸೂಕ್ಷ್ಮ ರಚನೆಯಿಂದಲೇ.

ನಿಯಾನ್ ಟೆಟ್ರಾದ ಪಟ್ಟೆ ರಾತ್ರಿ ಕತ್ತಲಲ್ಲಿ ನೇರಳೆಗೆ ತಿರುಗಿ ಮಂಕಾಗುತ್ತದೆ. ಬೆಳಕು ಬಿದ್ದ ಮೇಲೆ ಹರಳುಗಳ ನಡುವಿನ ಅಂತರ ಬದಲಾಗಿ ನೀಲಿ-ಹಸಿರು ಮರಳುತ್ತದೆ. ಇದನ್ನು ನಿಮ್ಮ ಫೋನಿನಲ್ಲೇ ಹಿಡಿಯಬಹುದು. ಬೆಳಗ್ಗೆ ಮೊದಲು ಕೋಣೆಯ ದೀಪ ಹಾಕಿ, ಸ್ವಲ್ಪ ತಡೆದು ತೊಟ್ಟಿಯದು ಹಾಕಿ. ಒಮ್ಮೆಗೇ ಝಗ್ಗೆಂದರೆ ಮೀನು ಬೆದರುತ್ತದೆ, ಕಣ್ಣು ಮುಚ್ಚಿಕೊಳ್ಳಲು ಪಾಪ ಅದಕ್ಕೆ ರೆಪ್ಪೆಯೂ ಇಲ್ಲ. ಬಳಿಕ ಕೋಣೆಯ ದೀಪ ಆರಿಸಿ. ಕೂಡಲೇ ಒಂದು ಫೋಟೊ, ಹತ್ತು ನಿಮಿಷ ಬಿಟ್ಟು ಇನ್ನೊಂದು. ಎರಡಕ್ಕೂ ಫೋನ್ ಒಂದೇ ಜಾಗದಲ್ಲಿರಲಿ, ಮೀನು ಎರಡೂ ಸಲ ಒಂದೇ ಕಡೆ ಮುಖ ಮಾಡಿರಲಿ. ನೋಡುವ ಕೋನ ಬದಲಾದರೂ ಈ ನೀಲಿ ಬದಲಾಗುತ್ತದೆ. ಆಗ ಬಣ್ಣ ತಿರುಗಿದ್ದು ಬೆಳಕಿನಿಂದಲೋ ಕೋನದಿಂದಲೋ ನಿಮಗೆ ಹೇಳಲು ಬಾರದು.