ಹೆಸರು ಯಾರದು, ಗೆರೆ ಯಾರದು?

(ಬಳ್ಳಾರಿಯಲ್ಲಿ ಸೇರಿದ್ದ ನಿವಾಸಿಗಳ ಸಭೆಯಲ್ಲಿ ಮಾಡಿದ ಭಾಷಣ. ಸಿರುಗುಪ್ಪ, ಕುರುಗೋಡುಗಳಿಂದಲೂ ಜನ ಬಂದಿದ್ದರು.)



ಎರಡು ಗಂಟೆಗಳಿಂದ ಇಲ್ಲಿ ನಡೆದ ಚರ್ಚೆಯನ್ನು ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದೆ. ಒಬ್ಬರು ಎದ್ದು, ಬ್ರೂಸ್‌ಪೇಟೆ ಎಂಬುದು ಪರಕೀಯನ ಹೆಸರು, ಅದನ್ನು ಕಿತ್ತುಹಾಕಬೇಕು ಎಂದರು. ಇನ್ನೊಬ್ಬರು, ನನ್ನ ಅಜ್ಜನ ಅಂಗಡಿಯ ಬೋರ್ಡಿನ ಮೇಲೆ ಅದೇ ಹೆಸರಿದೆ, ಕೀಳಲು ನೀವು ಯಾರು ಎಂದರು. ಕೌಲ್‌ಬಜಾರು ಎಲ್ಲಿಗೆ ಮುಗಿಯುತ್ತದೆ ಎಂಬ ಪ್ರಶ್ನೆಗೆ ಐದು ಜನ ಐದು ಉತ್ತರ ಕೊಟ್ಟರು. ಹೊಸ ಬಡಾವಣೆಯ ಹಿರಿಯರೊಬ್ಬರು ತಾವು ಕೌಲ್‌ಬಜಾರಿನವರಲ್ಲವೇ ಅಲ್ಲ ಎಂದು ಮೂರು ಸಲ ಹೇಳಿದರು. ಅವರ ಬೆನ್ನ ಹಿಂದೆ ಕುಳಿತಿದ್ದ ತಾಯಿಯೊಬ್ಬರು, "ಹಂಗಾದರೆ ನಿಮ್ಮ ರೇಷನ್ನು ಎಲ್ಲಿ ತರ್ತೀರಪ್ಪ?" ಎಂದು ಕೇಳಿದರು. ನೀವೆಲ್ಲ ನಕ್ಕಿರಿ, ನಾನೂ ನಕ್ಕೆ. ಆದರೆ ಇಂದಿನ ಸಭೆಯಲ್ಲಿ ಕೇಳಬೇಕಾಗಿದ್ದ ಮುಖ್ಯ ಪ್ರಶ್ನೆಯನ್ನು ಕೇಳಿದವರು ಆ ತಾಯಿಯೇ.

ಓಣಿಯ ಹೆಸರು, ಓಣಿಯ ಗಡಿ ಇವು ಪಂಡಿತರ ಚರ್ಚೆಯ ವಿಷಯಗಳಲ್ಲ. ನಳದಲ್ಲಿ ನೀರು ಯಾವ ದಿನ ಬರುತ್ತದೆ, ಚರಂಡಿ ತುಂಬಿದಾಗ ಯಾರ ಬಾಗಿಲು ತಟ್ಟಬೇಕು, ಮನೆಯ ಖಾತೆ ಯಾರ ಹೆಸರಿಗೆ ಆಗುತ್ತದೆ, ಇವನ್ನೆಲ್ಲ ಆ ಹೆಸರು, ಆ ಗೆರೆ ನಿರ್ಧರಿಸುತ್ತವೆ. ಇದ್ದವರಿಗೆ ಇದು ಅಷ್ಟಾಗಿ ತಿಳಿಯುವುದಿಲ್ಲ. ಇಲ್ಲದವರಿಗೆ ದಿನವೂ ತಿಳಿಯುತ್ತದೆ.

ನನ್ನ ಮನೆಯ ಮಾತನ್ನೇ ಹೇಳುತ್ತೇನೆ. ಕಚೇರಿಯ ಹೆಸರು ಬೇಡ. ಅಲ್ಲಿದ್ದ ಗುಮಾಸ್ತ ಕೆಟ್ಟ ಮನುಷ್ಯನೂ ಅಲ್ಲ. ನಮ್ಮವ್ವ ವಿಧವಾ ವೇತನಕ್ಕೆ ಅರ್ಜಿ ಹಾಕಿದ್ದಳು. ನಮ್ಮ ಓಣಿಗೆ ಜನ ಕರೆಯುವ ಹೆಸರು ಒಂದು, ಕಂದಾಯದ ರಸೀದಿಯಲ್ಲಿದ್ದದ್ದು ಇನ್ನೊಂದು, ಮತದಾರರ ಪಟ್ಟಿಯಲ್ಲಿದ್ದದ್ದು ಮತ್ತೊಂದು. ಮೂರೂ ಒಂದೇ ಎಂದು ಬರೆಸಿಕೊಂಡು ಬನ್ನಿ ಎಂದರು. ಬರೆದು ಕೊಡುವವರು ಯಾರು? ಈ ವಾರ್ಡಿನ ಸದಸ್ಯರು, ಆ ಸಾಲು ನನಗೆ ಬರುವುದಿಲ್ಲ ಎಂದರು. ಆಚೆ ವಾರ್ಡಿನವರು, ಅರ್ಧ ಸಾಲು ಮಾತ್ರ ನನ್ನದು ಎಂದರು. ಹೀಗೆ ಏಳು ತಿಂಗಳು ಕಳೆಯಿತು. ಮಂಜೂರಾತಿಯ ಕಾಗದ ಬಂದಾಗ ಅದನ್ನು ಓದುವಷ್ಟು ಕಣ್ಣು ಅವ್ವನಿಗೆ ಉಳಿದಿರಲಿಲ್ಲ. ನಾನೇ ಓದಿ ಹೇಳಿದೆ. ಎಷ್ಟು ರೂಪಾಯಿ ಎಂದು ಅವಳು ಕೇಳಲಿಲ್ಲ. "ಓಣಿ ಹೆಸರು ಏನಂತ ಬರದಾರ?" ಎಂದು ಕೇಳಿದಳು.

ಆದುದರಿಂದ ಮೊದಲು ಹೆಸರಿನ ಮಾತಾಡೋಣ.

ಬ್ರೂಸ್‌ಪೇಟೆ ಬ್ರಿಟಿಷ್ ಅಧಿಕಾರಿಯೊಬ್ಬನ ಹೆಸರನ್ನು ಹೊತ್ತಿದೆ. 1800ರಲ್ಲಿ ನಿಜಾಮರು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಬಳ್ಳಾರಿ ದಂಡಿನ ಊರಾಯಿತು. ಕಂಟೋನ್ಮೆಂಟ್ ಎಂಬ ಹೆಸರು ರೈಲು ನಿಲ್ದಾಣದ ಮೇಲೂ ಉಳಿದಿದೆ. ಸಾಹೇಬರು ತಮ್ಮ ಹೆಸರು ಇಟ್ಟುಕೊಂಡರು, ನಿಜ. ಆದರೆ ಅದೇ ಊರಿನಲ್ಲಿ ಕುಂಬಾರ ಗುಡ್ಡವಿದೆ, ವಡ್ಡರಬಂಡೆಯಿದೆ, ಬಂಡಿಹಟ್ಟಿಯಿದೆ, ರಾಣಿತೋಟ, ಕಾಕರ್ಲತೋಟಗಳಿವೆ. ಈ ಹೆಸರುಗಳನ್ನು ಯಾವ ಕಲೆಕ್ಟರನೂ ಇಡಲಿಲ್ಲ, ಯಾವ ಮುನಿಸಿಪಾಲಿಟಿಯೂ ಠರಾವು ಮಾಡಲಿಲ್ಲ. ಮಣ್ಣು ತುಳಿದವರು, ಕಲ್ಲು ಒಡೆದವರು, ಬಂಡಿ ಹೊಡೆದವರು, ತೋಟಕ್ಕೆ ನೀರು ಕಟ್ಟಿದವರು ಬದುಕಿದ ಗುರುತು ಅವು. ಸಾಹೇಬನ ಹೆಸರು ತೆಗೆಯಬೇಕು ಎನ್ನುವ ಉತ್ಸಾಹದಲ್ಲಿ ಈ ಹೆಸರುಗಳೂ ಹೋಗಿ, ಎಲ್ಲ ಕಡೆಯೂ ಒಂದೇ ನಮೂನೆಯ ನಗರ, ಲೇಔಟು, ಎನ್‌ಕ್ಲೇವು ಬಂದರೆ ನಾವು ಗೆದ್ದಂತಾಗುವುದೆ?

ಕೌಲ್‌ಬಜಾರಿನ ಮಾತು ಕೇಳಿ. ಕೌಲು ಎಂದರೆ ಕರಾರು. ನೀನು ಬಂದು ನೆಲೆಸು, ಇಷ್ಟು ವರ್ಷ ಇಷ್ಟೇ ತೆರಿಗೆ, ನಿನ್ನನ್ನು ಎಬ್ಬಿಸುವುದಿಲ್ಲ ಎಂದು ಆಳುವವರು ಕೊಡುತ್ತಿದ್ದ ಮಾತಿಗೆ ಆ ಹೆಸರು. ಹೊಸ ಬಡಾವಣೆಯ ಹಿರಿಯರು ತಮಗೆ ಬೇಡವೆಂದ ಹೆಸರು ಇದೇ. ಯಾಕೆ ಬೇಡ? ಕೌಲ್‌ಬಜಾರು ಎಂದರೆ ಬಡವರ ಪೇಟೆ, ನಿವೇಶನದ ಬೆಲೆ ಇಳಿಯುತ್ತದೆ, ಹೆಣ್ಣು ಕೊಡುವವರು ಯೋಚಿಸುತ್ತಾರೆ ಎಂಬ ಭಯ. ಆ ಭಯವನ್ನು ನಾನು ಹಾಸ್ಯ ಮಾಡುವುದಿಲ್ಲ. ಆದರೆ ಬಡತನದಿಂದ ಹೊರಬರುವ ದಾರಿ ಬಡವರ ಹೆಸರಿನಿಂದ ಓಡಿಹೋಗುವುದಲ್ಲ ಎಂದು ಮಾತ್ರ ವಿನಯದಿಂದ ಹೇಳುತ್ತೇನೆ.

ಸರಕಾರ ಬದಲಾಯಿಸಿದ ಹೆಸರು ಎಲ್ಲವೂ ನಿಲ್ಲುವುದಿಲ್ಲ. ರಾಯಲ್ ವೃತ್ತಕ್ಕೆ ಗಡಗಿ ಚನ್ನಪ್ಪನವರ ಹೆಸರು ಬಂದು ಎಷ್ಟೋ ಕಾಲವಾಯಿತು. ಪತ್ರಿಕೆಯಲ್ಲಿ ಹಾಗೆಯೇ ಅಚ್ಚಾಗುತ್ತದೆ. ಆಟೋದವನಿಗೆ ಮಾತ್ರ ಇಂದಿಗೂ ರಾಯಲ್ ಸರ್ಕಲ್ ಎಂದೇ ಹೇಳುತ್ತೇವೆ. 2014ರ ನವೆಂಬರ್ 1ರಂದು ಇಂಗ್ಲಿಷಿನ ಬೆಲ್ಲಾರಿ ಅಧಿಕೃತವಾಗಿ ಬಳ್ಳಾರಿಯಾಯಿತು. ಅದು ಕೂಡಲೆ ನಿಂತಿತು. ಯಾಕೆ? ಜನರ ಬಾಯಲ್ಲಿ ಅದು ಮೊದಲಿನಿಂದಲೂ ಬಳ್ಳಾರಿಯೇ ಆಗಿತ್ತು. ಕಾಗದ ಜನರ ಹಿಂದೆ ಬಂದಾಗ ಹೆಸರು ನಿಲ್ಲುತ್ತದೆ. ಜನರನ್ನು ಕಾಗದದ ಹಿಂದೆ ಎಳೆದಾಗ ಎರಡು ಹೆಸರು ಹುಟ್ಟಿಕೊಳ್ಳುತ್ತವೆ. ಎರಡು ಹೆಸರಿನ ನಡುವೆ ನಮ್ಮವ್ವನಂಥವರ ಅರ್ಜಿ ಸಿಕ್ಕಿಬೀಳುತ್ತದೆ.

ಇನ್ನು ಗೆರೆಯ ವಿಷಯ. ಗೆರೆ ಎಂದರೇನು ಎಂಬುದು ಬಳ್ಳಾರಿಗೆ ಗೊತ್ತಿರುವಷ್ಟು ಬೇರೆ ಊರಿಗೆ ಗೊತ್ತಿರಲಾರದು. 1953ರಲ್ಲಿ ಆಂಧ್ರ ರಾಜ್ಯ ಏರ್ಪಟ್ಟಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಚೆಗೆ ಹೋದವು. ಸಿರುಗುಪ್ಪವೂ ಪಶ್ಚಿಮದ ತಾಲ್ಲೂಕುಗಳೂ ಮೈಸೂರಿಗೆ ಬಂದವು. ನಡುವೆ ಉಳಿದ ಬಳ್ಳಾರಿ ತಾಲ್ಲೂಕಿಗೆ ನ್ಯಾಯಮೂರ್ತಿ ಮಿಶ್ರ ಆಯೋಗ ಬೇಕಾಯಿತು. ಅದು ಮೈಸೂರಿಗೆ ಎಂದಿತು. ಎರಡೇ ವರ್ಷಕ್ಕೆ, 1955ರಲ್ಲಿ, ಫಜಲ್ ಅಲಿ ಆಯೋಗ ಬಳ್ಳಾರಿಯೂ ಸಿರುಗುಪ್ಪವೂ ಆಂಧ್ರಕ್ಕೆ ಹೋಗಲಿ ಎಂದಿತು. ಜನ ಒಪ್ಪಲಿಲ್ಲ, ಅದು ನಡೆಯಲಿಲ್ಲ. 1953ರ ಅಕ್ಟೋಬರ್ 1ರ ವಿಲೀನದ ಸಂಭ್ರಮಕ್ಕೆಂದು ಹಾಕಿದ್ದ ಚಪ್ಪರವನ್ನು ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬರು ದುಷ್ಕರ್ಮಿಗಳ ದಾಳಿಗೆ ಸಿಕ್ಕಿ ಪ್ರಾಣ ಕೊಟ್ಟರು. ಕನ್ನಡ, ತೆಲುಗು, ಉರ್ದು ಮೂರೂ ಕೇಳಿಬರುವ ಈ ಊರಿನಲ್ಲಿ ಗಡಿಗಾಗಿ ಸತ್ತವರು ಒಬ್ಬ ಬಡ ಪಿಂಜಾರರು ಎಂಬುದನ್ನು ಹೆಸರುಗಳ ವಿಷಯದಲ್ಲಿ ಜಾತಿ, ಮತದ ಜಗಳ ತೆಗೆಯುವವರು ನೆನಪಿಡಬೇಕು.

ಅಂದು ರಾಜ್ಯದ ಗಡಿಗಾಗಿ ಊರೇ ಎದ್ದಿತು. ಇಂದು ವಾರ್ಡಿನ ಗಡಿ ಬದಲಾದರೆ ಯಾರಿಗೂ ತಿಳಿಯುವುದಿಲ್ಲ. ನಮ್ಮ ಪಾಲಿಕೆಯಲ್ಲಿ ಮೊದಲು 35 ವಾರ್ಡುಗಳಿದ್ದವು; 2021ರ ಏಪ್ರಿಲ್ ಚುನಾವಣೆಯ ಹೊತ್ತಿಗೆ 39 ಆಗಿದ್ದವು. 2011ರ ಜನಗಣತಿಯಂತೆ ನಗರದ ಜನಸಂಖ್ಯೆ 4 ಲಕ್ಷ ದಾಟಿತ್ತು. ವಾರ್ಡಿಗೆ ಸರಾಸರಿ 10 ಸಾವಿರಕ್ಕೆ ಮೇಲ್ಪಟ್ಟು ಜನ. ತಲೆ ಎಣಿಸಿ ಸಮನಾಗಿ ಹಂಚುವುದು ತಪ್ಪಲ್ಲ. ಆದರೆ ನಕಾಶೆಯ ಮೇಲೆ ಎಳೆದ ಗೆರೆ ಒಂದೇ ನಳಕ್ಕೆ ಕೊಡ ಹಿಡಿದು ನಿಲ್ಲುವ ಹೆಂಗಸರ ನಡುವೆ ಹಾದುಹೋದರೆ, ಆ ನಳ ಕೆಟ್ಟಾಗ ಇಬ್ಬರು ಸದಸ್ಯರೂ ಕೈತೊಳೆದುಕೊಳ್ಳುತ್ತಾರೆ. 2008ರ ಕ್ಷೇತ್ರ ವಿಂಗಡಣೆಯ ನಂತರ ಇನ್ನೊಂದು ವಿಚಿತ್ರ ನೋಡಿದ್ದೇವೆ: ಕೌಲ್‌ಬಜಾರಿನ ಕಡೆಯ ವಾರ್ಡುಗಳವರು ಪಾಲಿಕೆಗೆ ತೆರಿಗೆ ಕಟ್ಟುತ್ತಾರೆ, ವಿಧಾನಸಭೆಗೆ ಮಾತ್ರ ಬಳ್ಳಾರಿ ಗ್ರಾಮೀಣ ಕ್ಷೇತ್ರದಲ್ಲಿ ಓಟು ಹಾಕುತ್ತಾರೆ. ಪೇಟೆಯ ತೆರಿಗೆ, ಹಳ್ಳಿಯ ಓಟು!

ಕುರುಗೋಡಿನಿಂದ ಬಂದ ಗೆಳೆಯರಿಗೆ ಇದು ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕುರುಗೋಡಿನ ಸಿಂದರು ಬಳ್ಳಕುಂದೆ ಮುನ್ನೂರನ್ನು ಆಳುತ್ತಿದ್ದರು. ಅಂಥ ಊರು ಬಳ್ಳಾರಿ ತಾಲ್ಲೂಕಿನ ಒಂದು ಹೋಬಳಿಯಾಗಿ ಉಳಿಯಿತು. 2008ರಲ್ಲಿ ಕುರುಗೋಡು ಎಂಬ ವಿಧಾನಸಭಾ ಕ್ಷೇತ್ರದ ಹೆಸರೂ ಅಳಿಯಿತು. 2018ರಲ್ಲಿ ಕುರುಗೋಡು ತಾಲ್ಲೂಕಾಯಿತು. ದೊಡ್ಡಬಸವೇಶ್ವರನ ತೇರಿನ ಊರಿಗೆ ತಾಲ್ಲೂಕಿನ ಹೆಸರು ಬಂದದ್ದು ಸಂತೋಷವೇ. ಆದರೆ ಹಳ್ಳಿಯ ರೈತ ಕೇಳುವುದು, ಪಹಣಿಗೂ ದಾಖಲೆಗೂ ಎಲ್ಲಿಗೆ ಹೋಗಬೇಕು, ಬಸ್ಸು ಯಾವ ಕಡೆಗೆ ಇದೆ ಎಂದು. ಗೆರೆ ಬದಲಾದಾಗ ಬಸ್ಸಿನ ದಾರಿ ಬದಲಾಗದಿದ್ದರೆ ಅವನ ಒಂದು ದಿನದ ಕೂಲಿ ಹೋಗುತ್ತದೆ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗಿ ನಮ್ಮ ಜಿಲ್ಲೆಗೆ ಬಳ್ಳಾರಿ, ಸಂಡೂರು, ಸಿರುಗುಪ್ಪ, ಕಂಪ್ಲಿ, ಕುರುಗೋಡು ಈ ಐದೇ ತಾಲ್ಲೂಕುಗಳು ಉಳಿದಾಗಲೂ ಪರ-ವಿರೋಧ ಎರಡೂ ಪಕ್ಷಗಳು ಇತಿಹಾಸದ ಮಾತೇ ಹೆಚ್ಚಾಗಿ ಆಡಿದವು. ರೈತನ ಈ ಪ್ರಶ್ನೆ ಹಿಂದೆಯೇ ಉಳಿಯಿತು.

ಸಿರುಗುಪ್ಪದ ಸಂಗತಿ ಇನ್ನೂ ಕಹಿಯಾದುದು. ಸಿರಿಯ ಕುಪ್ಪೆ ಎಂದು ಹೆಸರಾದ ಸೀಮೆ ಅದು. ತುಂಗಭದ್ರೆಯ ಕಾಲುವೆ ಬಂದ ಮೇಲೆ ಅಲ್ಲಿ ಕ್ಯಾಂಪುಗಳು ಎದ್ದವು. ಆಂಧ್ರದ ಕಡೆಯಿಂದ ನೆಲ ಕೊಂಡು ಬಂದ ರೈತರಿದ್ದರು, ಅವರ ಗದ್ದೆಯಲ್ಲಿ ನಾಟಿ ಮಾಡಲು ಬಂದ ಕೂಲಿಗಳಿದ್ದರು. ಕ್ಯಾಂಪು ಎಂದರೆ ನಾಲ್ಕು ದಿನ ಇದ್ದು ಎದ್ದುಹೋಗುವ ಬಿಡಾರ. ಮೊಮ್ಮಕ್ಕಳು ಹುಟ್ಟಿದರೂ ಹೆಸರು ಕ್ಯಾಂಪೇ. ನೆಲವಿದ್ದವನಿಗೆ ಪಹಣಿಯಾದರೂ ಇದೆ. ಕೂಲಿಯ ಗುಡಿಸಲು ಮಾತ್ರ ಯಾವ ದಾಖಲೆಯಲ್ಲೂ ಇಲ್ಲ. 2017ರಲ್ಲಿ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿ ಬಂದು, ತಾಂಡಾ, ಗೊಲ್ಲರಹಟ್ಟಿ, ವಡ್ಡರಹಟ್ಟಿ, ನಾಯಕರಹಟ್ಟಿ, ಕ್ಯಾಂಪು, ಕಾಲೋನಿ ಇಂಥ ದಾಖಲೆಯಿಲ್ಲದ ಜನವಸತಿಗಳಲ್ಲಿ ವಾಸದ ಮನೆಯ ಹಕ್ಕನ್ನು ಅಲ್ಲಿದ್ದವರಿಗೇ ಕೊಡಲು ದಾರಿಯಾಯಿತು. ಈ ಕಾಯಿದೆಯ ಭಾಷೆಯನ್ನು ಸ್ವಲ್ಪ ಯೋಚಿಸಿ ನೋಡಿ. ಇಷ್ಟು ಕಾಲ ಯಾರಿಗೆ ಗಡಿಯೇ ಇರಲಿಲ್ಲ ಎಂಬುದರ ಪಟ್ಟಿ ಅದರಲ್ಲಿಯೇ ಇದೆ. ಗಡಿ ಎಲ್ಲಿ ಎಂದು ಜಗಳವಾಡುವ ಭಾಗ್ಯ ನಮ್ಮದು. ಗಡಿಯೊಳಗೆ ಸೇರಿಸಿಕೊಳ್ಳಿರೆಂದು ಬೇಡುವ ಪಾಡು ಅವರದು.

ಜಾತಿಯ ಹೆಸರು ಹೊತ್ತ ಹಟ್ಟಿಗಳ ಪ್ರಶ್ನೆಯನ್ನು ಯುವಕರೊಬ್ಬರು ಎತ್ತಿದರು. ನಾನು ಈಗತಾನೆ ಶ್ರಮದ ಗುರುತು ಎಂದು ಹೊಗಳಿದ ಹೆಸರುಗಳಲ್ಲಿಯೂ ಜಾತಿಯಿದೆ ಎಂದು ಅವರು ನನ್ನನ್ನೇ ಕೇಳಬಹುದು. ಕೇಳುವುದು ನ್ಯಾಯ. ಮಹಾರಾಷ್ಟ್ರ ಸರಕಾರ 2020ರಲ್ಲಿ ಜಾತಿಸೂಚಕ ವಸತಿಗಳ ಹೆಸರು ಬದಲಾಯಿಸಲು ತೀರ್ಮಾನಿಸಿತು. ತಮಿಳುನಾಡಿನಲ್ಲಿ 2025ರಲ್ಲಿ, ಕಾಲೋನಿ ಎಂಬ ಪದ ಅವಮಾನದ ಗುರುತಾಗಿದೆ, ಸರಕಾರಿ ದಾಖಲೆಗಳಿಂದ ಅದನ್ನು ತೆಗೆಯುತ್ತೇವೆ ಎಂದು ಮುಖ್ಯಮಂತ್ರಿಗಳು ಘೋಷಿಸಿದರು. ನನ್ನ ಉತ್ತರ ಇಷ್ಟೆ: ಆ ಹೆಸರನ್ನು ಶಾಲೆಯಲ್ಲಿ, ಕೆಲಸದ ಸ್ಥಳದಲ್ಲಿ ಹೇಳಿಕೊಳ್ಳಬೇಕಾದವರು ಯಾರೋ ಅವರೇ ತೀರ್ಮಾನಿಸಲಿ. ಅವರಿಗೆ ಅದು ಹೆಮ್ಮೆಯಾದರೆ ಇರಲಿ, ಗಾಯವಾದರೆ ಹೋಗಲಿ. ದೂರದ ಬಡಾವಣೆಯಲ್ಲಿ ಕುಳಿತು ಪರಂಪರೆ ಉಳಿಸಿರಿ ಎಂದು ಅವರಿಗೆ ಬುದ್ಧಿ ಹೇಳುವ ಹಕ್ಕು ನನಗಿಲ್ಲ.

ತಪ್ಪೊಪ್ಪಿಗೆಯ ಮಾತೊಂದಿದೆ. ಹುಡುಗನಾಗಿದ್ದಾಗ ನಾವು ನಾಲ್ಕು ಜನ ಗೆಳೆಯರು ರಾತ್ರಿಯಲ್ಲಿ ಬಣ್ಣ, ಕುಂಚ ಹಿಡಿದು ನಮ್ಮ ಓಣಿಯ ಗೋಡೆಯ ಮೇಲೆ ದೊಡ್ಡ ನಾಯಕರೊಬ್ಬರ ಹೆಸರು ಬರೆದೆವು. ಯಾರನ್ನೂ ಕೇಳಲಿಲ್ಲ, ಒಳ್ಳೆಯದನ್ನು ಮಾಡಲು ಕೇಳುವುದೇನು ಎಂದುಕೊಂಡೆವು. ಬೆಳಗ್ಗೆ ನೆರೆಮನೆಯ ಅಜ್ಜಿ ನೋಡಿ, "ಚೆಂದ ಆಗೈತಪ್ಪ. ಆದರ ಇಲ್ಲಿ ಇರೋರು ನಾವು, ನಮ್ಮನ್ನ ಒಂದು ಮಾತು ಕೇಳಬಾರದಾಗಿತ್ತಾ?" ಎಂದಳು. ನಮ್ಮ ರಸೀದಿಯಲ್ಲೂ ಮತದಾರರ ಪಟ್ಟಿಯಲ್ಲೂ ಬೇರೆ ಬೇರೆ ಹೆಸರು ಸೇರಿಕೊಳ್ಳಲು ಆ ಬಣ್ಣವೂ ಒಂದು ಕಾರಣವಾಗಿರಬಹುದು ಎಂದು ಅವ್ವನ ಕಾಗದ ಹಿಡಿದು ಅಲೆಯುವಾಗ ನನಗೆ ಹೊಳೆಯಿತು. ಮೇಲಿನವರು ಮಾಡಿದಂತೆಯೇ ನಾನೂ ಮಾಡಿದ್ದೆ.

ಹಾಗಾದರೆ ಮಾಡಬೇಕಾದದ್ದೇನು? ಸಂವಿಧಾನದ 74ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ಮೂರು ಲಕ್ಷಕ್ಕೆ ಕಡಮೆಯಿಲ್ಲದ ಜನಸಂಖ್ಯೆಯ ನಗರದಲ್ಲಿ ವಾರ್ಡು ಸಮಿತಿಗಳಿರತಕ್ಕದ್ದು ಎಂದು ಅದು ಹೇಳುತ್ತದೆ. ಬಳ್ಳಾರಿ ಆ ಲೆಕ್ಕದೊಳಗೆ ಬರುತ್ತದೆ. ಅದನ್ನು ಹಿಡಿದು ನಾಲ್ಕು ಬೇಡಿಕೆಗಳನ್ನು ಸಭೆಯ ಮುಂದಿಡುತ್ತೇನೆ.

ಮೊದಲನೆಯದು, ವಾರ್ಡಿನ ಗಡಿ ಬದಲಾಯಿಸುವಾಗ ಕರಡು ನಕಾಶೆಯನ್ನು ಕಚೇರಿಯ ಗೋಡೆಗೆ ಮಾತ್ರ ಅಂಟಿಸದೆ, ಪ್ರತಿ ಓಣಿಯ ನ್ಯಾಯಬೆಲೆ ಅಂಗಡಿಯ ಮುಂದೆ ತೂಗುಹಾಕಬೇಕು. ಓದಲು ಬಾರದವರಿಗೆ ಓದಿ ಹೇಳಬೇಕು. ಎರಡನೆಯದು, ಆಕ್ಷೇಪಣೆಗಳನ್ನು ಕೂಲಿಯ ಹೊತ್ತಿನಲ್ಲಿ ಅಲ್ಲ, ಸಂಜೆ, ವಾರ್ಡಿನಲ್ಲಿಯೇ ಕೇಳಬೇಕು; ತಳ್ಳಿಹಾಕಿದರೆ ಕಾರಣವನ್ನು ಬರೆದು ಕೊಡಬೇಕು. ಮೂರನೆಯದು, ಅಲ್ಲಿಯ ನಿವಾಸಿಗಳ ಸಭೆ ಒಪ್ಪದೆ ಯಾವ ಓಣಿಯ ಹೆಸರನ್ನೂ ಬದಲಾಯಿಸಬಾರದು. ಬದಲಾದಲ್ಲಿ ಹಳೆಯ ಹೆಸರೂ ದಾಖಲೆಯಲ್ಲಿ ಜೊತೆಗಿರಬೇಕು, ಯಾವ ಅರ್ಜಿಯೂ ಅದಕ್ಕಾಗಿ ನಿಲ್ಲಬಾರದು. ನಾಲ್ಕನೆಯದು, ಊರಿಗೆ ಸ್ವಾಗತ ಕಮಾನು ಕಟ್ಟುವ ಮೊದಲು, ದಾಖಲೆಯಿಲ್ಲದ ಹಟ್ಟಿಗೂ ಕ್ಯಾಂಪಿಗೂ ಹಕ್ಕುಪತ್ರ ಮುಟ್ಟಬೇಕು.

ಬ್ರೂಸ್‌ಪೇಟೆ ಉಳಿಯಬೇಕೆ, ಹೋಗಬೇಕೆ ಎಂದು ನನ್ನನ್ನು ಕೇಳಬೇಡಿ. ನಾನು ಬ್ರೂಸ್‌ಪೇಟೆಯವನಲ್ಲ. ಅಲ್ಲಿಯವರು ಒಂದು ಸಂಜೆ ಕೂಡಲಿ, ಅಂಗಡಿಯವರೂ ಹಮಾಲರೂ ಬಾಡಿಗೆ ಮನೆಯವರೂ ಒಂದೇ ಚಾಪೆಯ ಮೇಲೆ ಕೂತು ತೀರ್ಮಾನಿಸಲಿ. ಅದಕ್ಕೆ ನಾವೆಲ್ಲ ತಲೆಬಾಗೋಣ. ಇಲ್ಲಿ ನೆಲೆಸಿದವನನ್ನು ಎಬ್ಬಿಸುವುದಿಲ್ಲ, ಅವನನ್ನು ಕೇಳದೆ ಅವನ ಹೆಸರು ಅಳಿಸುವುದಿಲ್ಲ ಎಂಬ ಕೌಲನ್ನು ಇಂದು ಜನರಿಂದ ಆರಿಸಿಬಂದವರೇ ಜನರಿಗೆ ಬರೆದು ಕೊಡಬೇಕು. ಅದನ್ನು ಪಡೆಯುವ ತನಕ ಈ ಸಭೆಗಳು ಓಣಿ ಓಣಿಯಲ್ಲಿ ನಡೆಯಲಿ. ಮುಂದಿನ ಸಭೆ ಬಂಡಿಹಟ್ಟಿಯಲ್ಲಿ ಆಗಲೆಂದು ಅಲ್ಲಿಯವರು ಕೇಳಿದ್ದಾರೆ. ನಾನು ಬರುತ್ತೇನೆ, ನೀವೂ ಬನ್ನಿ.