ಮನೆಯೊಳಗಿನ ಬಂದೂಕು ಮತ್ತು ನಮ್ಮ ಹೊಣೆ
(ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ತುಂಬಿದ ಸಂತೋಷದ ದಿನ ಬಂದೂಕಿನ ಮಾತು ಯಾಕ ಅಂತ ಕೆಲವರಿಗೆ ಅನಿಸಿರಬಹುದು. ಸಾಲ, ಬೀಜ, ಗೊಬ್ಬರ, ಕಬ್ಬಿನ ಬಿಲ್ಲು ಇವುಗಳ ಮಾತನ್ನು ನಾವು ವರ್ಷವಿಡೀ ಆಡುತ್ತೇವೆ. ಆದರೆ ಅಜ್ಜನ ಕಾಲದ ಬಂದೂಕು ಇರುವ ಮನೆಯವರು ಅದರ ಮಾತನ್ನು ಯಾರ ಮುಂದೂ ಎತ್ತುವುದಿಲ್ಲ. ಖಂಡೇನವಮಿಗೆ ಒರೆಸಿ, ಕುಂಕುಮ ಹಚ್ಚಿ, ಮತ್ತೆ ಮೂಲೆಗೆ ಇಡುತ್ತಾರೆ. ಹೊಲ ವಾರಸಾ ಆದ ಹಾಗೆ ಬಂದೂಕೂ ತಾನಾಗಿಯೇ ಮಗನಿಗೆ ಬರುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ಹಾಗಿಲ್ಲ. ಇವತ್ತು ನಾವು ಮುಖ್ಯವಾಗಿ ಹೇಳಬೇಕಾದದ್ದು ಅದನ್ನೇ.

ಬಂದೂಕಿನ ಕಾಯ್ದೆ ಅಂದ ಕೂಡಲೇ ನಮ್ಮ ಸೀಮೆಯವರಿಗೆ ನೆನಪಾಗುವುದು ಪಕ್ಕದ ಮುಧೋಳ ತಾಲೂಕಿನ ಹಲಗಲಿ. 1857ರಲ್ಲಿ ಇಂಗ್ಲಿಷರು ಆಯುಧ ಕಿತ್ತುಕೊಳ್ಳುವ ಕಾಯ್ದೆ ತಂದರು. ಬೇಟೆಯೇ ಬದುಕಾಗಿದ್ದ, ಆಯುಧವೇ ಮಾನವಾಗಿದ್ದ ಹಲಗಲಿಯ ಬೇಡರು ‘ಕೊಡೂದಿಲ್ಲ’ ಅಂದರು. ಆ ವರ್ಷದ ನವೆಂಬರ್ ಕೊನೆಗೆ ದಂಡು ಊರಿಗೆ ನುಗ್ಗಿತು, ಮನೆಗಳಿಗೆ ಬೆಂಕಿ ಬಿತ್ತು. ಡಿಸೆಂಬರ್‌ನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಕೂಡಿ 19 ಮಂದಿಯನ್ನು ಗಲ್ಲಿಗೇರಿಸಿದರು. ಜಡಗ, ಬಾಲ, ಹನುಮ, ರಾಮ ಈ ಹೆಸರುಗಳು ಲಾವಣಿಯಲ್ಲಿ ಉಳಿದಿವೆ. ಮಕ್ಕಳು ಶಾಲೆಯ ಪುಸ್ತಕದಲ್ಲಿಯೂ ಓದುತ್ತಾರೆ. ಆ ವೀರರಿಗೆ ನಮ್ಮ ನಮಸ್ಕಾರ.

ಆದರೆ ಇದನ್ನೇ ಮುಂದೆ ಮಾಡಿ, “ನಾವು ಹಲಗಲಿ ಸೀಮೆಯವರು, ನಮಗೆಂಥಾ ಲೈಸನ್ಸ್?” ಅನ್ನುವವರೂ ಇದ್ದಾರೆ. ಅವರಿಗೆ ನಾವು ವಿನಯದಿಂದ ಹೇಳುವುದಿಷ್ಟು. ಅಂದಿನ ಕಾಯ್ದೆ ನಮ್ಮನ್ನು ಕೇಳಿ ಮಾಡಿದ್ದಲ್ಲ. ಮುಂದೆ 1878ರ ಕಾಯ್ದೆಯಲ್ಲಿ ನಮ್ಮವರಿಗೆ ಲೈಸನ್ಸ್ ಬೇಕಾಯಿತು, ಬಿಳಿಯರಿಗೆ ವಿನಾಯಿತಿ ಸಿಕ್ಕಿತು. ಒಂದ ಊರಾಗ ಎರಡು ನ್ಯಾಯ. ಈಗಿರುವುದು ನಮ್ಮದೇ ಸಂಸತ್ತು ಮಾಡಿದ 1959ರ ಆಯುಧ ಕಾಯ್ದೆ. 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಆಸ್ತಿ ಸಾಲದು ಎಂಬ ಒಂದೇ ಕಾರಣಕ್ಕೆ ಯಾರಿಗೂ ಲೈಸನ್ಸ್ ನಿರಾಕರಿಸಬಾರದೆಂದು ಅದರಲ್ಲಿಯೇ ಬರೆದಿದೆ. ನಿರಾಕರಿಸಿದರೆ ಕಾರಣವನ್ನು ಬರೆದಿಡಬೇಕು. ಮೇಲ್ಮನವಿಗೂ ದಾರಿ ಇದೆ. ಎರಡೆಕರೆಯವನೂ ನೂರೆಕರೆಯವನೂ ಒಂದೇ ಅರ್ಜಿ ಕೊಡಬೇಕು.

“ಕೊಡಗಿನಾಗ ಲೈಸನ್ಸ್ ಇಲ್ಲದ ಬಂದೂಕು ಇಟ್ಕೊಂತಾರಲ್ಲ?” ಎಂಬ ಪ್ರಶ್ನೆಯೂ ಬರುತ್ತದೆ. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಕೇಂದ್ರ ಸರ್ಕಾರ ವಿನಾಯಿತಿ ಕೊಟ್ಟಿದೆ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ಅದು ಅವರಿಗೆ ಮಾತ್ರ. ಬೀಳಗಿಗೆ ಅದು ಬರುವುದಿಲ್ಲ.

ಲೈಸನ್ಸ್ ಪಡೆಯುವ ಬಗೆ ಕಠಿಣವೇನಲ್ಲ, ತಾಳ್ಮೆ ಬೇಕು. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಅರ್ಜಿ ಬಾಗಲಕೋಟೆಯ ಜಿಲ್ಲಾ ದಂಡಾಧಿಕಾರಿಗಳಿಗೆ, ಅಂದರೆ ಜಿಲ್ಲಾಧಿಕಾರಿಗಳಿಗೆ ಹೋಗುತ್ತದೆ. ಅವರು ಪೊಲೀಸ್ ಠಾಣೆಯಿಂದ ವರದಿ ತರಿಸುತ್ತಾರೆ. 2016ರ ನಿಯಮಗಳ ಪ್ರಕಾರ ಬಂದೂಕು ಬಳಸುವ ತರಬೇತಿಯೂ ಆಗಿರಬೇಕು, ಜೋಪಾನವಾಗಿ ಇಡುತ್ತೇನೆಂದು ಬರೆದೂ ಕೊಡಬೇಕು. 2019ರ ತಿದ್ದುಪಡಿಯ ನಂತರ ಲೈಸನ್ಸ್ ಅವಧಿ 5 ವರ್ಷ. ಒಬ್ಬ ಸಾಮಾನ್ಯ ಮನುಷ್ಯ ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ, ಮೊದಲು ಮೂರಿತ್ತು. ಹಿರಿಯರಿಂದ ಬಂದದ್ದೂ ಈ ಲೆಕ್ಕದಲ್ಲಿಯೇ ಸೇರುತ್ತದೆ.

ಈಗ ವಾರಸಾ ಮಾತು. ಲೈಸನ್ಸ್ ಅಂಬೋದು ಮನುಷ್ಯಾನ ಹೆಸರಿನ ಮ್ಯಾಲೆ ಇರತೈತಿ, ಮನಿ ಹೆಸರಿನ ಮ್ಯಾಲೆ ಅಲ್ಲ. ಯಜಮಾನ ತೀರಿಕೊಂಡರೆ ಆ ಕಾಗದ ಮಗನನ್ನು ಕಾಯುವುದಿಲ್ಲ. ತಡಮಾಡದೆ ಬಂದೂಕನ್ನು ಹತ್ತಿರದ ಠಾಣೆಯಲ್ಲಿಯೋ ಲೈಸನ್ಸ್ ಇರುವ ವ್ಯಾಪಾರಿಯ ಬಳಿಯೋ ಠೇವಣಿ ಇಟ್ಟು ರಸೀದಿ ಪಡೆಯಬೇಕು. ಠೇವಣಿ ಇಟ್ಟರೆ ಹಕ್ಕು ಹೋಯಿತೆಂದಲ್ಲ. ವಾರಸುದಾರ ತನ್ನ ಹೆಸರಿಗೆ ಲೈಸನ್ಸ್ ಪಡೆದು ಬಿಡಿಸಿಕೊಳ್ಳಬಹುದು, ಇಲ್ಲವೆ ಲೈಸನ್ಸ್ ಇದ್ದವರಿಗೆ ಮಾರಬಹುದು. ಗೊತ್ತುಪಡಿಸಿದ ಅವಧಿಯೊಳಗೆ ಯಾರೂ ಬರದಿದ್ದರೆ ಮಾತ್ರ ಅದು ಸರ್ಕಾರದ್ದಾಗುತ್ತದೆ. ಯಜಮಾನರು ಇರುವಾಗಲೇ ಈ ಕೆಲಸ ಮುಗಿಸುವ ದಾರಿಯೂ ಇದೆ. ಅವರಿಗೆ 70 ವರ್ಷ ತುಂಬಿದರೆ, ಅಥವಾ ಬಂದೂಕು ಹಿಡಿದು 25 ವರ್ಷವಾದರೆ, ತಮ್ಮ ವಾರಸುದಾರನ ಹೆಸರು ಸೂಚಿಸಿ ಅವನಿಗೆ ಲೈಸನ್ಸ್ ಕೇಳಬಹುದು. ಸಂಘಕ್ಕೆ ಆದಷ್ಟೇ ವಯಸ್ಸು ಬಂದೂಕಿಗೂ ಆಗಿದ್ದರೆ ಈಗಲೇ ವಿಚಾರ ಮಾಡಿರಿ.

ಸುಮ್ಮನೆ ಇಟ್ಟರೆ ಏನಾದೀತು? ಲೈಸನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡವನಿಗೆ 2 ವರ್ಷದಿಂದ 5 ವರ್ಷದವರೆಗೆ ಜೈಲು, ಮೇಲೆ ದಂಡ. ಅಜ್ಜ ಮಾಡಿದ ಬಂದೂಕಿಗೆ ಮೊಮ್ಮಗ ಕೋರ್ಟು ಹತ್ತುವುದು ಯಾವ ಮನೆಗೂ ಬೇಡ. “ತುಕ್ಕು ಹಿಡದೈತಿ, ಹಾರೂದಿಲ್ಲ” ಅನ್ನುತ್ತೀರಿ. ರಿಪೇರಿ ಮಾಡಿದರೂ ಹಾರದಷ್ಟು ಕೆಟ್ಟದ್ದಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಇದೆ, ನಿಜ. ಆದರೆ ಅದನ್ನು ನೀವೇ ಗೋಡೆ ಮುಂದೆ ನಿಂತು ತೀರ್ಮಾನಿಸಬೇಡಿರಿ. ಠಾಣೆಗೆ ಬರೆದು ತಿಳಿಸಿ, ತೋರಿಸಿ, ಉತ್ತರ ಪಡೆಯಿರಿ.

ಇನ್ನು ಜೋಪಾನದ ಮಾತು. ಇದನ್ನು ತಾಯಂದಿರು ಲಕ್ಷ್ಯಗೊಟ್ಟು ಕೇಳಬೇಕು. ಬಂದೂಕನ್ನು ಮದ್ದು ತುಂಬಿ ಇಡಬಾರದು. ಬಂದೂಕು ಒಂದು ಕಡೆ, ತೋಟಾ ಮತ್ತೊಂದು ಕಡೆ, ಎರಡಕ್ಕೂ ಬೇರೆ ಬೇರೆ ಬೀಗ. ಕೀಲಿ ಲೈಸನ್ಸ್ ಇದ್ದವರ ಕೈಯಲ್ಲಿಯೇ ಇರಬೇಕು. ಬಾಗಿಲ ಹಿಂದೆ, ಜೋಳದ ಚೀಲದ ಸಂದಿಗೆ, ಹೊಲದ ಗುಡಿಸಲಿಗೆ ಇಡುವ ರೂಢಿ ಬಿಡಬೇಕು. ‘ಖಾಲಿ ಐತಿ’ ಅಂತ ಮಕ್ಕಳ ಕೈಗೆ ಕೊಡಬಾರದು. ಹಿಡಿದವನು ಪ್ರತಿ ಸಲ ತುಂಬಿದೆ ಎಂದೇ ತಿಳಿಯಬೇಕು. ಬೀಗ ಕಳ್ಳರಿಗಾಗಿ ಮಾತ್ರ ಅಲ್ಲ. ಬದುವಿನ ಜಗಳ, ಕುಡಿತ, ಸಾಲದ ಚಿಂತೆ ಇವು ಯಾವ ಮನೆಗೂ ಬರಬಹುದು. ಆ ಸಿಟ್ಟಿನ ಹೊತ್ತಿನಲ್ಲಿ ಎರಡು ಬೀಗ ತೆಗೆಯುವಷ್ಟು ವೇಳೆ ಸಿಕ್ಕರೆ ಒಂದು ಜೀವ ಉಳಿದೀತು. ಬಂದೂಕು ಕಳೆದರೆ ಅಂದೇ ಠಾಣೆಗೆ ತಿಳಿಸಬೇಕು. ಚುನಾವಣೆ ಬಂದಾಗ ಠೇವಣಿ ಇಡಲು ನೋಟೀಸು ಬಂದರೆ ಇಟ್ಟು, ರಸೀದಿ ಕಾದಿಡಬೇಕು.

ಗುಂಡು ಹಾರಿಸುವುದರ ಬಗ್ಗೆ ಎರಡು ಮಾತು. ಮದುವೆ, ಜಾತ್ರೆ, ಮೆರವಣಿಗೆಯಲ್ಲಿ ಸಂತೋಷಕ್ಕೆ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, ಇಲ್ಲವೆ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಎಂದು 2019ರ ತಿದ್ದುಪಡಿ ಹೇಳುತ್ತದೆ. ಮ್ಯಾಲೆ ಹೋದ ಗುಂಡು ಕೆಳಗೆ ಬಂದೇ ಬರುತ್ತದೆ. ಯಾರ ತಲೆ ಮೇಲೆ ಎಂದು ಹಾರಿಸಿದವನಿಗೂ ಗೊತ್ತಿರುವುದಿಲ್ಲ. ಸಂತೋಷಕ್ಕೆ ಡೊಳ್ಳು ಇದೆ, ಹಲಗಿ ಇದೆ, ಸಾಕು.

ಎರಡನೆಯದು ಬೆಳೆ ರಕ್ಷಣೆ. ಬೆಳೆ ಕಾಯಲು ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕಿಗೆ ಲೈಸನ್ಸ್ ಕೇಳಲು ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಅದು ಬೇಟೆಯ ಚೀಟಿ ಅಲ್ಲ. ಕಾಡುಹಂದಿ ಹೊಲಕ್ಕೆ ಬಿದ್ದರೂ ವನ್ಯಜೀವಿ ಅಧಿಕಾರಿಗಳ ಅನುಮತಿ ಇಲ್ಲದೆ ಹೊಡೆಯುವಂತಿಲ್ಲ. ನಮ್ಮ ಸೀಮೆಗೆ ಇನ್ನೊಂದು ವಿಶೇಷವಿದೆ. ಬೀಳಗಿ, ಮುಧೋಳ ತಾಲೂಕುಗಳಲ್ಲಿ 2016ರಲ್ಲಿ ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮವಾಯಿತು. 1972ರ ವನ್ಯಜೀವಿ ಕಾಯ್ದೆಯಂತೆ, ಧಾಮದಿಂದ 10 ಕಿಲೋಮೀಟರ್ ಒಳಗಿರುವ ಲೈಸನ್ಸುದಾರರು ತಮ್ಮ ಹೆಸರನ್ನು ಅರಣ್ಯ ಇಲಾಖೆಯಲ್ಲಿ ನೋಂದಾಯಿಸಬೇಕು. ಆ 10 ಕಿಲೋಮೀಟರ್‌ನಲ್ಲಿ ಹೊಸ ಲೈಸನ್ಸ್ ಕೊಡಲು ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ಬೆಳೆ ಹಾಳಾದರೆ ಪರಿಹಾರಕ್ಕೆ ಅದೇ ಇಲಾಖೆಗೆ ಅರ್ಜಿ ಕೊಡಿರಿ.

ಇದರಲ್ಲಿ ಸಂಘದ ಕೆಲಸವೇನು? 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಒಬ್ಬನಿಂದ ಆಗದ್ದು ಹತ್ತು ಮಂದಿಯಿಂದ ಆದೀತೆಂಬ ನಂಬಿಗೆಯಿಂದ. ಸದಸ್ಯರೊಬ್ಬರು ತೀರಿಕೊಂಡಾಗ ಶೇರು, ಸಾಲದ ವಾರಸಾ ಕಾಗದ ನಮ್ಮ ಕಚೇರಿಯಲ್ಲಿಯೇ ಆಗುತ್ತದೆ. ಅದೇ ಹೊತ್ತಿಗೆ, “ಮನ್ಯಾಗ ಬಂದೂಕು ಐತೇನ್ರೀ?” ಎಂದು ಒಂದು ಮಾತು ಕೇಳಿ, ಅರ್ಜಿ ಬರೆಯಲು ನೆರವಾಗೋಣ. ಹಂದಿಯ ಕಾಟ ಇರುವ ಕಡೆ ಅಕ್ಕಪಕ್ಕದ ಹೊಲದವರು ಪಾಳಿ ಹಚ್ಚಿ, ದೀಪ ಹಿಡಿದು, ಡಬ್ಬಿ ಬಾರಿಸಿ ಕಾಯೋಣ. ಇದಕ್ಕೆ ಯಾರ ಪರವಾನಗಿಯೂ ಬೇಡ.

ಹಲಗಲಿಯವರು ಆಯುಧ ಬಿಡಲಿಲ್ಲ, ಅವರಿಗೆ ಅದು ಮಾನದ ಮಾತಾಗಿತ್ತು. ಇವತ್ತು ಕಾಗದ ಸರಿಯಿಟ್ಟು, ಬೀಗ ಹಾಕಿ, ನೆರೆಯವರಿಗೆ ಅಂಜಿಕೆ ಆಗದಂತೆ ಬಾಳುವುದೇ ಮಾನ. ಯಜಮಾನರು ಇರುವಾಗಲೇ ಕಾಗದ ತೆಗೆದು ನೋಡಿರಿ, ತಾರೀಖು ನೋಡಿರಿ. 

ಜೈ ಹಿಂದ್, ಜೈ ಕರ್ನಾಟಕ.